ಕೂಸು ನೋಡುವ ಕಾಕುಗೂ ಸೂಟಿ ಬೇಡವೇ?

2019ರ ಆಗಸ್ಟ್ ನೆನಪಿದೆಯೇ? ಕೃಷ್ಣೆ, ವೇದಗಂಗಾ, ದೂಧಗಂಗಾ ಎಲ್ಲವೂ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಯಮಗರ್ಣಿ ಹತ್ತಿರ ಹೆದ್ದಾರಿ ಮೇಲೇ ನೀರು ಬಂದು ಪುಣೆ-ಬೆಂಗಳೂರು ರಸ್ತೆ ಬಂದ್! ಶಾಲೆಗಳಿಗೆಲ್ಲ ಸೂಟಿ. ಆಗ ನಾನು ಒಂದು ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿ. ನನ್ನ ಎರಡು ವರ್ಷದ ಮಗಳನ್ನು ನಮ್ಮ ಓಣಿಯ ಕಾಕು ತಮ್ಮ ಮನೆಯಲ್ಲೇ ನೋಡಿಕೊಳ್ಳುತ್ತಿದ್ದರು. ಅವಳ ಜೊತೆ ಇನ್ನೂ ಮೂರು ಮಕ್ಕಳು.

ಮಳೆ ಸೂಟಿಯ ಎಂಟು ದಿನಕ್ಕೂ ಶಾಲೆಯವರು ನನಗೆ ಪೂರ್ತಿ ಪಗಾರ ಕೊಟ್ಟರು. ನಾನೇನು ಮಾಡಿದೆ ಗೊತ್ತೇ? ಮಗಳನ್ನು ಕಳಿಸಿರಲಿಲ್ಲ ಅಂತ ಕಾಕುವಿನ ಎಂಟು ದಿನದ ಹಣ ಮುರಿದುಕೊಂಡೆ. ಉಳಿದ ಮೂವರೂ ಅದನ್ನೇ ಮಾಡಿದ್ದರು. ಕಾಕು ಒಂದು ಮಾತೂ ಆಡಲಿಲ್ಲ. "ನಿನಗ ಹೆಂಗ ತಿಳೀತದ ಹಂಗ ಕೊಡವಾ" ಅಂದರು, ಅಷ್ಟೇ.

ಮುಂದಿನ ತಿಂಗಳು ಮಗಳಿಗೆ ಸಿಕ್ಕಾಪಟ್ಟೆ ಜ್ವರ. ವಿಚಾರಿಸಿದರೆ ಕಾಕುಗೆ ನಾಲ್ಕು ದಿನದಿಂದ ಜ್ವರವಿತ್ತು. ಮಾತ್ರೆ ನುಂಗಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮಕ್ಕಳನ್ನು ಸಂಭಾಳಿಸಿದ್ದರು. "ಯಾಕ ಹೇಳಲಿಲ್ಲ ಕಾಕು?" ಅಂದೆ. "ಹೇಳಿದ್ರ ಮತ್ತ ರೊಕ್ಕ ಮುರಕೋತೀರಲ್ಲವಾ!" ಅಂದರು. ನನ್ನ ಬಾಯಿ ಕಟ್ಟಿತು.

ಎಂಟು ದಿನದ ಹಣ ಉಳಿಸಲು ಹೋಗಿ ನನ್ನ ಮಗಳನ್ನೇ ಜ್ವರದ ಪಕ್ಕ ಮಲಗಿಸಿದ್ದೆ. ಅಂದಿನಿಂದ ಈ ವಿಷಯ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ.

ಎಲ್ಲರ ರಜೆಯ ಮಾತು, ಇವರದು ಮಾತ್ರ ಇಲ್ಲ

ಈಗ ರಜೆಯ ಚರ್ಚೆ ಎಲ್ಲೆಲ್ಲೂ ನಡೆದಿದೆ. ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆ ಕೊಡಲು ನಮ್ಮ ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು, ನವೆಂಬರ್‌ನಲ್ಲಿ ಆದೇಶ ಬಂತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರೂ ಇದ್ದಾರೆ, ಅದಿರಲಿ. ಆ ಆದೇಶ ಯಾರಿಗೆ ಅನ್ವಯ ಅಂತ ನೋಡಿ. ಕಾರ್ಖಾನೆ, ಅಂಗಡಿ-ವಾಣಿಜ್ಯ ಸಂಸ್ಥೆ, ತೋಟ, ಬೀಡಿ-ಸಿಗಾರ್ ಕೆಲಸ, ಮೋಟಾರು ಸಾರಿಗೆ - ಹೀಗೆ ಐದು ಕಾನೂನುಗಳ ಕೆಳಗೆ ಬರುವ ಸಂಸ್ಥೆಗಳ ಹೆಂಗಸರಿಗೆ. ತನ್ನ ಪಡಸಾಲೆಯಲ್ಲೇ ನಾಲ್ಕು ಕೂಸು ಆಡಿಸುವ ಕಾಕು ಈ ಐದರಲ್ಲಿ ಯಾವುದರಲ್ಲೂ ಇಲ್ಲ.

ಐವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಮಾತಿದೆ. ಆದರೆ ನಮ್ಮ ಊರುಗಳಲ್ಲಿ ಹೆಂಗಸರು ಹೆಚ್ಚಾಗಿ ದುಡಿಯುವುದು ಎಲ್ಲಿ? ಸಣ್ಣ ಶಾಲೆ, ಸೌಹಾರ್ದ ಸೊಸೈಟಿ, ಬಟ್ಟೆ ಅಂಗಡಿ, ದವಾಖಾನೆ. ಅಲ್ಲಿ ಐವತ್ತು ಮಂದಿ ಎಲ್ಲಿಂದ ಬರಬೇಕು? ಹಾಗಾಗಿ ನಮಗೆ ಓಣಿಯ ಕಾಕುವೇ ಗತಿ. ಗಡಿಯಾಚೆ 'ಪಾಳಣಾಘರ' ಅನ್ನುತ್ತಾರೆ, ನಾವು 'ಬೇಬಿ ಸಿಟ್ಟಿಂಗ್' ಅನ್ನುತ್ತೇವೆ. ಹೆಸರು ಯಾವುದಾದರೇನು, ರಜೆ ಅನ್ನೋದು ಮಾತ್ರ ಅಲ್ಲಿಲ್ಲ.

ಮನೆಯಲ್ಲಿ ಮಾಡಿದ್ದು ಕೆಲಸವಲ್ಲವೇ?

"ಅಲ್ರೀ, ಅವರು ಮನ್ಯಾಗ ಕೂತ ಮಾಡ್ತಾರ, ಅದಕ್ಕೆಂಥಾ ಸೂಟಿ?" ಅನ್ನುವವರಿದ್ದಾರೆ. ನಿಪ್ಪಾಣಿಯವರು ಈ ಮಾತು ಆಡಲೇಬಾರದು!

ಮನೆಗೆ ಎಲೆ, ತಂಬಾಕು ತಂದು ಬೀಡಿ ಕಟ್ಟುವ ಹೆಂಗಸನ್ನೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಕಾರ್ಮಿಕಳೆಂದೇ ಲೆಕ್ಕಕ್ಕೆ ಹಿಡಿಯಿತು. 20 ದಿನ ದುಡಿದರೆ ಒಂದು ದಿನ ವೇತನ ಸಹಿತ ರಜೆ ಅಂತ ಬರೆಯಿತು. ಆ ಕಾನೂನು ಈಗ ಹೊಸ ಸಂಹಿತೆಯಲ್ಲಿ ಸೇರಿಹೋಗಿದೆ. ಆದರೆ ತತ್ವ ಅರವತ್ತು ವರ್ಷದಷ್ಟು ಹಳೆಯದು: ಕೆಲಸ ಎಲ್ಲಿ ನಡೆಯುತ್ತದೆ ಅನ್ನೋದು ಮುಖ್ಯವಲ್ಲ, ಕೆಲಸ ಕೆಲಸವೇ.

ಕಾಗದದ ಮೇಲಿನ ಹಕ್ಕು ಕೈಗೆ ಬರುವುದು ಸುಲಭವಲ್ಲ ಅನ್ನೋದೂ ನಿಪ್ಪಾಣಿಗೆ ಗೊತ್ತು. 1980ರ ಸುಮಾರಿಗೆ ಇಲ್ಲಿನ ತಂಬಾಕು ಕಾರ್ಖಾನೆಗಳ ಸಾವಿರಾರು ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ್ದರು. ಅವರ ಮೇಲೆ ಯುಗಾಂತರ ಎಂಬ ಮಹಿಳಾ ತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಆ ಹೆಂಗಸರಿಗೆ ಒಂದು ಅನುಕೂಲವಿತ್ತು: ಒಂದೇ ಸೂರಿನ ಕೆಳಗೆ ನೂರಾರು ಜನ. ಕೂಸು ನೋಡುವ ಕಾಕು ಮಾತ್ರ ಒಬ್ಬಂಟಿ. ಮುಷ್ಕರ ಮಾಡಲು ಅವರಿಗೆ ಜೊತೆ ಯಾರು? ಎದುರಿಗೆ ನಿಲ್ಲುವುದಾದರೂ ಯಾರಿಗೆ? ಅಕ್ಕಪಕ್ಕದ ನಮಗೇ!

ಮಕ್ಕಳನ್ನು ನೋಡುವ ಕೆಲಸಕ್ಕೆ ಸರಕಾರದ ಕಣ್ಣಲ್ಲೂ ಬೆಲೆ ತಡವಾಗಿಯೇ ಬಂತು. ಅಂಗನವಾಡಿ ಕಾರ್ಯಕರ್ತೆಯರದು ಸರಕಾರಿ ಹುದ್ದೆಯಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಹೇಳಿತ್ತು. ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂತ ಅದೇ ಕೋರ್ಟ್ ಹೇಳಲು 2022 ಬರಬೇಕಾಯಿತು. ಅಂಗನವಾಡಿಯವರ ಕಥೆಯೇ ಹೀಗಾದರೆ ಓಣಿಯ ಕಾಕುವಿನ ಪಾಡೇನು?

ಕೂಸಿನ ಮನೆಯಿಂದ ಕಲಿಯುವುದು

ಹಳ್ಳಿ ಕಡೆ ಒಂದು ಒಳ್ಳೆಯ ಮಾದರಿ ಬಂದಿದೆ. 2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಣೆಯಾಯಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಈ ಯೋಜನೆ. ಊರಿನ ಹತ್ತು ಹೆಂಗಸರಿಗೆ ತರಬೇತಿ ಕೊಟ್ಟು, ಅವರು ಪಾಳಿಯ ಮೇಲೆ ಮಕ್ಕಳನ್ನು ನೋಡಿಕೊಳ್ಳುವಂತೆ ಅದನ್ನು ರೂಪಿಸಿದರು. ಇದರ ಜಾಣತನ ಗಮನಿಸಿ. ಒಬ್ಬಳಿಗೆ ಮೈ ಸರಿಯಿಲ್ಲದಿದ್ದರೆ ಇನ್ನೊಬ್ಬಳು ಇರುತ್ತಾಳೆ, ಬಾಗಿಲು ಮುಚ್ಚುವುದಿಲ್ಲ. ಪಟ್ಟಣದ ಓಣಿಯಲ್ಲಿ ನಮಗೆ ಇಲ್ಲದ್ದೇ ಈ ಪಾಳಿ.

ಫ್ರಾನ್ಸ್ ದೇಶದಲ್ಲಿ ಸ್ವಂತ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಸರಕಾರದ ಒಪ್ಪಿಗೆ ಪಡೆದಿರಬೇಕು. ಮಗುವಿನ ತಂದೆ-ತಾಯಿಯೇ ಅವರಿಗೆ ಮಾಲೀಕರು. ತಿಂಗಳ ದುಡಿಮೆಗೆ ಎರಡೂವರೆ ದಿನದ ಲೆಕ್ಕದಲ್ಲಿ ವರ್ಷಕ್ಕೆ ಐದು ವಾರ ಭರಪಗಾರಿ ರಜೆ. ನಮಗೆ ಅಷ್ಟು ದೂರ ಹೋಗಲಾಗದು. ಆದರೆ 'ರಜೆ ಅಂದರೆ ದಯೆಯಲ್ಲ, ಕರಾರಿನ ಭಾಗ' ಅನ್ನೋದನ್ನಾದರೂ ಕಲಿಯಬಹುದಲ್ಲ?

ಲೆಕ್ಕ ಹಾಕಿ ನೋಡೋಣ

ಲೆಕ್ಕ ಸುಲಭವಾಗಲಿ ಅಂತ ಒಂದು ಮಗುವಿಗೆ ತಿಂಗಳಿಗೆ 2,600 ರೂಪಾಯಿ, ಕೆಲಸದ ದಿನ 26 ಎಂದಿಟ್ಟುಕೊಳ್ಳಿ. ದಿನಕ್ಕೆ 100 ರೂಪಾಯಿ ಆಯಿತು. ವರ್ಷಕ್ಕೆ 10 ಹಬ್ಬ ಮತ್ತು ರಾಷ್ಟ್ರೀಯ ದಿನಗಳ ಸೂಟಿ, 20 ದಿನಕ್ಕೆ ಒಂದರ ಲೆಕ್ಕದಲ್ಲಿ 15 ದಿನ ಸ್ವಂತ ರಜೆ. ಒಟ್ಟು 25 ದಿನ. ಅಂದರೆ ನಿಮ್ಮ ಕೈಯಿಂದ ಹೋಗುವುದು ವರ್ಷಕ್ಕೆ 2,500 ರೂಪಾಯಿ. ತಿಂಗಳಿಗೆ 210 ರೂಪಾಯಿಯೂ ಆಗುವುದಿಲ್ಲ. ಅದೇ ನಾಲ್ಕೂ ಮನೆಯವರು ಮುರಿದುಕೊಂಡರೆ ಕಾಕುಗೆ ಹೋಗುವುದು 10,000! ನಮಗೆ ಒಂದು ಸೀರೆಯ ಮಾತು, ಅವರಿಗೆ ಒಂದು ತಿಂಗಳ ಸಂಸಾರದ ಮಾತು.

ಹೀಗೆ ಮಾಡಿ ನೋಡಿ

1. ಮಗುವನ್ನು ಬಿಡುವ ಮೊದಲೇ ಕೂತು ಮಾತಾಡಿ, ಒಂದು ಹಾಳೆಯಲ್ಲಿ ಬರೆದಿಡಿ. ಸಮಯ, ಶುಲ್ಕ, ರಜೆ, ಮೂರೂ ಇರಲಿ. ಸ್ಟ್ಯಾಂಪ್ ಪೇಪರ್ ಬೇಡ, ನೋಟ್‌ಬುಕ್ಕಿನ ಹಾಳೆ ಸಾಕು.

2. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 - ಈ ಐದು ದಿನ ಕಾಕುಗೂ ಭರಪಗಾರಿ ಸೂಟಿ. ಉಳಿದ ಐದು ಹಬ್ಬವನ್ನು ಅವರೇ ಆರಿಸಲಿ. ನಾಗರ ಪಂಚಮಿ, ದೀಪಾವಳಿ, ರಂಜಾನ್, ಚಿಂಚಲಿ ಮಾಯಕ್ಕನ ಜಾತ್ರೆ, ಅವರ ಮನೆಯ ಪದ್ಧತಿಯಂತೆ.

3. ಊರಿಗೆ, ಮದುವೆಗೆ ಹೋಗುವ ರಜೆಯಿದ್ದರೆ ಹದಿನೈದು ದಿನ ಮೊದಲೇ ತಿಳಿಸಬೇಕು. ಜ್ವರ, ನೆಗಡಿಗೆ ಆ ದಿನ ಬೆಳಿಗ್ಗೆ ಒಂದು ಫೋನ್ ಸಾಕು. "ಹುಷಾರಿಲ್ಲದಾಗ ಹೇಳಿದರೆ ಹಣ ಮುರಿಯುವುದಿಲ್ಲ" ಅಂತ ನೀವೇ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳುವುದಿಲ್ಲ.

4. ನೀವು ಮಗುವನ್ನು ಕಳಿಸದ ದಿನಗಳದು ಬೇರೆ ಲೆಕ್ಕ. ಒಂದೆರಡು ದಿನವಾದರೆ ಪೂರ್ತಿ ಕೊಡಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ತವರಿಗೆ ಹೊರಟರೆ ಅರ್ಧವಾದರೂ ಕೊಡಿ. ಆ ಜಾಗವನ್ನು ಅವರು ನಿಮ್ಮ ಮಗುವಿಗಾಗಿಯೇ ಹಿಡಿದಿಟ್ಟಿರುತ್ತಾರೆ.

5. ಮಳೆ, ಪ್ರವಾಹದ ಸೂಟಿಗೆ ಒಂದೇ ನಿಯಮ: ನಿಮಗೆ ಪಗಾರ ಬಂದರೆ ಅವರಿಗೂ ಬರಲಿ. ನಿಮ್ಮದೇ ದಿನಗೂಲಿಯಾಗಿದ್ದು ಪೂರ್ತಿ ಕೊಡಲಾಗದಿದ್ದರೆ ಅರ್ಧ ಕೊಟ್ಟು ಕಾರಣ ಹೇಳಿ. ಸುಮ್ಮನೆ ಮುರಿದುಕೊಳ್ಳಬೇಡಿ.

6. ನಿಮ್ಮ ಕಾಕು, ಪಕ್ಕದ ಓಣಿಯ ಇನ್ನೊಬ್ಬರು, ಇಬ್ಬರನ್ನೂ ಪರಿಚಯ ಮಾಡಿಸಿ. ಒಬ್ಬರ ಸೂಟಿಯಲ್ಲಿ ಇನ್ನೊಬ್ಬರು ನೋಡಿಕೊಳ್ಳಲಿ. ಆ ದಿನಗಳ ಹಣ ನೀವು ಬೇರೆ ಕೊಡಬೇಕಾಗುತ್ತದೆ, ನಿಜ. ಆದರೆ ನಿಮ್ಮ ಕೆಲಸ ತಪ್ಪುವುದಿಲ್ಲ. ಮಗುವಿಗೆ ಇಬ್ಬರ ಗುರುತೂ ಮೊದಲೇ ಇರಲಿ.

ನೀವೇ ಮಕ್ಕಳನ್ನು ನೋಡಿಕೊಳ್ಳುವವರಾದರೆ

ಮನೆಯಲ್ಲಿ ಇದ್ದುಕೊಂಡೇ ನಾಲ್ಕು ಕಾಸು ದುಡಿಯೋಣ ಅಂತ ಈ ಕೆಲಸ ಹಿಡಿದ ಗೆಳತಿಯರೂ ಈ ಪುಟ ಓದುತ್ತಿರಬಹುದು. ಸಂಕೋಚ ಬಿಡಿ. ಹೊಸ ಮಗು ಬರುವಾಗಲೇ ರಜೆಯ ವಿಷಯ ಹೇಳಿಬಿಡಿ. ಹಳಬರಿಗೆ ಯುಗಾದಿಯಿಂದ ಹೊಸ ನಿಯಮ ಅಂತ ತಿಳಿಸಿ. ಎಲ್ಲ ಮನೆಗೂ ಒಂದೇ ನಿಯಮವಿರಲಿ, ಇಲ್ಲದಿದ್ದರೆ ಮನಸ್ತಾಪ. ಬಂದ ಹಣ, ತೆಗೆದುಕೊಂಡ ರಜೆ, ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಮಾಡಿಸಿಕೊಳ್ಳಿ. ಅದರಿಂದ ರಜೆ ಸಿಗುವುದಿಲ್ಲ, ಆದರೆ ನೀವು 'ಸುಮ್ಮನೆ ಮನೆಯಲ್ಲಿರುವವರಲ್ಲ, ದುಡಿಯುವವರು' ಅಂತ ಒಂದು ದಾಖಲೆಯಾಗುತ್ತದೆ.

ಸರಕಾರವೂ ಮನಸ್ಸು ಮಾಡಬೇಕು. ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು. ನಮ್ಮ ಮನೆಗೆ ಬಂದು ಪಾತ್ರೆ ತೊಳೆಯುವವಳಿಗೆ ಒಂದು ದರವಿರುವಾಗ, ತನ್ನ ಮನೆಯಲ್ಲಿ ನಮ್ಮ ಮಗುವಿಗೆ ಉಣಿಸುವವಳಿಗೂ ಒಂದು ನಿಯಮ ಬೇಕಲ್ಲವೇ? ಕೂಸಿನ ಮನೆಯಂಥದ್ದು ಪಟ್ಟಣದ ವಾರ್ಡುಗಳಿಗೂ ಬರಲಿ. ಆದರೆ ಅಲ್ಲಿಯವರೆಗೆ ಕಾಯುವುದು ಬೇಡ. ಈ ಒಂದು ವಿಷಯದಲ್ಲಿ ಕಾನೂನು ಮಾಡುವವರು ನಾವೇ, ಪಾಲಿಸುವವರೂ ನಾವೇ.

ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆ ಎಂಟು ದಿನದ ಹಣವನ್ನು ನಾನು ಆಮೇಲೆ ಲಕೋಟೆಯಲ್ಲಿಟ್ಟು ಕೊಟ್ಟೆ. ಕಾಕು ಎಣಿಸಲಿಲ್ಲ. "ಈಗ್ಯಾಕವಾ ಇದು?" ಅಂತ ನಕ್ಕರು. ಮುಂದಿನ ಪಂಚಮಿಗೆ ಎರಡು ದಿನ ಬಾಗಿಲು ಹಾಕಿ ತಮ್ಮ ತವರು ರಾಯಬಾಗಕ್ಕೆ ಹೋಗಿ ಬಂದರು, ಎಷ್ಟೋ ವರ್ಷಗಳ ನಂತರ. ಬರುವಾಗ ನಮಗೆಲ್ಲ ಶೇಂಗಾ ಉಂಡಿ ತಂದಿದ್ದರು.

ನಿಮ್ಮ ಮಗುವನ್ನು ನೋಡುವ ಕಾಕು ಕೊನೆಯ ಸಲ ತವರಿಗೆ ಹೋಗಿದ್ದು ಯಾವಾಗ? ಇವತ್ತು ಸಂಜೆ ಮಗುವನ್ನು ಕರೆತರಲು ಹೋದಾಗ ಒಂದು ಮಾತು ಕೇಳಿ ನೋಡಿ.