ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ



ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ನಮ್ಮ ಮನೆಗಳಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಬಹಳ ಮಂದಿ. ಮೊರವನ್ನು ಎಂದೋ ಅಟ್ಟಕ್ಕೇರಿಸಿದವರೂ ಆ ದಿನಗಳನ್ನು ಮರೆತಿಲ್ಲ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಂಡುಹೋಗುವಾಗ ಅವರ ಎದೆಯಲ್ಲಿ ಒಂದೇ ಅಳುಕು: ಇವತ್ತು ಚೆಕ್ಕರ್ ಎಷ್ಟನ್ನು ತೆಗೆದು ಬದಿಗಿಡುತ್ತಾನೋ! ಎಲೆ ಹರಿದದ್ದು ಬದಿಗೆ, ಸಡಿಲವಾದದ್ದು ಬದಿಗೆ, ತಲೆ ಸರಿಯಾಗಿ ಮಡಚದ್ದು ಬದಿಗೆ. ಕೊಟ್ಟ ಎಲೆಗೂ ಹೊಗೆಸೊಪ್ಪಿಗೂ ತಂದ ಬೀಡಿಗೂ ಲೆಕ್ಕ ಕೂಡದಿದ್ದರೆ ಕೈಗೆ ಬರುವ ಮಜೂರಿ ಕಡಿಮೆ. ಒಳ್ಳೆಯದಿದ್ದಷ್ಟಕ್ಕೆ ಮಾತ್ರ ಬೆಲೆ.

ಪಾಪನಿವೇದನೆಯ ಸಾಲಿನಲ್ಲಿ ನಿಂತಾಗ ನಮ್ಮೊಳಗೆ ಹುಟ್ಟುವ ಅಳುಕೂ ಎಷ್ಟೋ ಸಲ ಇದೇ ಬಗೆಯದು. ನಾವು ದೇವರನ್ನು ಒಬ್ಬ ದೊಡ್ಡ ಚೆಕ್ಕರ್ ಎಂದುಕೊಂಡುಬಿಟ್ಟಿದ್ದೇವೆ. ಎಷ್ಟು ಜಪಸರ ಮಾಡಿದೆವು, ಎಷ್ಟು ಭಾನುವಾರದ ಬಲಿಪೂಜೆ ತಪ್ಪಿಸಿದೆವು, ಎಷ್ಟು ಕಾಣಿಕೆ ಕೊಟ್ಟೆವು ಎಂದು ಲೆಕ್ಕ ಹಾಕುತ್ತಲೇ ಅವರ ಮುಂದೆ ಹೋಗುತ್ತೇವೆ. ಹೀಗೆ ಹೋದವರಿಗೆ ಸಂತೋಷ ಎಲ್ಲಿಂದ ಬರಬೇಕು? ಹೆಚ್ಚೆಂದರೆ "ಸದ್ಯ, ಇವತ್ತು ಪಾಸಾದೆ" ಎಂಬ ಸಮಾಧಾನ ಸಿಕ್ಕೀತು. ಅದು ಮುಂದಿನ ಪರೀಕ್ಷೆಯವರೆಗೆ ಮಾತ್ರ.

ನಮ್ಮ ಪರಿಚಯದ ಹಿರಿಯರೊಬ್ಬರ ಸಂಗತಿ ಹೇಳುತ್ತೇವೆ. ಅವರ ಹೆಸರು, ಊರು ಬೇಡ. ಅವರು ಭಾನುವಾರ ತಪ್ಪದೆ ದೇವಾಲಯಕ್ಕೆ ಬರುತ್ತಿದ್ದರು. ಆದರೆ ಒಳಗೆ ಬರುತ್ತಿರಲಿಲ್ಲ. ಅಂಗಳದ ಮಾವಿನ ಮರದ ಬುಡದಲ್ಲಿ, ಮಳೆಗಾಲವಾದರೆ ಕೊಡೆ ಹಿಡಿದುಕೊಂಡು, ಬಲಿಪೂಜೆ ಮುಗಿಯುವ ತನಕ ನಿಲ್ಲುತ್ತಿದ್ದರು. ಪರಮಪ್ರಸಾದದ ಹೊತ್ತಿಗೆ ಮುಂಡಾಸು ಬಿಚ್ಚಿ ತಲೆ ತಗ್ಗಿಸುವುದು, ಕೊನೆಯ ಹಾಡು ಮುಗಿಯುವ ಮೊದಲೇ ಗೇಟು ದಾಟುವುದು. ಇಪ್ಪತ್ತು ವರ್ಷ ಹೀಗೆಯೇ ನಡೆಯಿತು.

ಒಮ್ಮೆ ನಾವೇ ಹೋಗಿ, "ಬಾಪ್ಪೂ, ಒಳಗೆ ಬನ್ನಿ, ಬೆಂಚು ಖಾಲಿ ಇದೆ" ಎಂದು ಕರೆದೆವು.

"ಬೇಡ ಮಗಾ. ಲೆಕ್ಕ ಸರಿ ಮಾಡಿ ಬರುತ್ತೇನೆ" ಎಂದರು.

ಅವರ ಲೆಕ್ಕ ಏನೆಂದು ಊರಿನ ಹಳಬರಿಗೆಲ್ಲ ಗೊತ್ತಿತ್ತು. ಹರೆಯದಲ್ಲಿ ಮುಂಬಯಿಗೆ ಹೋಗಿದ್ದರು. ಕುಡಿತ, ಇಸ್ಪೀಟು, ಕೈತುಂಬ ಸಾಲ. ಊರಿಗೆ ಬಂದವರು ತಂಗಿಯ ಮದುವೆಗೆಂದು ತಾಯಿ ಕೂಡಿಟ್ಟಿದ್ದ ಚಿನ್ನವನ್ನು ಕೊಂಡುಹೋಗಿ ಮಾರಿದರು. ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಆ ತಂಗಿ ಮತ್ತೆ ಮದುವೆಯಾಗಲಿಲ್ಲ. ತಾಯಿಯನ್ನು ನೋಡಿಕೊಂಡು, ಬೀಡಿ ಕಟ್ಟಿಕೊಂಡು ದಿನ ಕಳೆದರು. ಅಣ್ಣ ಕುಡಿತ ಬಿಟ್ಟು ದುಡಿದು ಒಂದಿಷ್ಟು ಕೂಡಿಸುವ ಹೊತ್ತಿಗೆ ತಂಗಿ ತೀರಿಕೊಂಡಿದ್ದರು. ಇನ್ನು ಯಾರಿಗೆ ಕೊಡುವುದು? ಎಷ್ಟು ಕೊಟ್ಟರೆ ಸರಿಹೋದೀತು? ಸರಿ ಮಾಡಲಾಗದ ಲೆಕ್ಕವನ್ನು ಸರಿ ಮಾಡಿ ಬರುತ್ತೇನೆಂದು ಅವರು ಮರದ ಕೆಳಗೆ ನಿಂತಿದ್ದರು.

ಇಲ್ಲಿ ನಾವೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅವರನ್ನು ಬಾಯಲ್ಲಿ ಒಳಗೆ ಕರೆದೆವು ನಿಜ. ಆದರೆ ಮನಸ್ಸಿನ ಮೂಲೆಯಲ್ಲಿ, "ಮಾಡಿದ್ದಕ್ಕೆ ಅಷ್ಟಾದರೂ ನಿಲ್ಲಲಿ" ಎಂಬ ಮಾತಿತ್ತು. ಅವರ ಲೆಕ್ಕದ ಪುಸ್ತಕ ಅವರ ಕೈಯಲ್ಲಿ ಮಾತ್ರ ಇರಲಿಲ್ಲ, ಅದರ ಒಂದೊಂದು ಪ್ರತಿ ನಮ್ಮೆಲ್ಲರ ಕಿಸೆಯಲ್ಲೂ ಇತ್ತು.

ಮನೆಯಲ್ಲಿ ಕೊಂಕಣಿ ಆಡುವ ನಮಗೆ 'ಕುರ್ಪಾ' ಎಂಬ ಮಾತು ಗೊತ್ತು. ಕನ್ನಡದ ಪ್ರಾರ್ಥನೆಯಲ್ಲಿ ಅದನ್ನೇ 'ವರಪ್ರಸಾದ' ಎನ್ನುತ್ತೇವೆ. ಎಷ್ಟು ಒಳ್ಳೆಯ ಪದ! ವರ ಎಂದರೆ ಕೊಡುವವರು ಮನಸ್ಸು ಮಾಡಿ ಕೊಡುವುದು. ಪ್ರಸಾದ ಎಂದರೆ ಕೈಯೊಡ್ಡಿ ಪಡೆಯುವುದು. ಮಜೂರಿಯನ್ನು ಎಣಿಸಿ ಪಡೆಯುತ್ತೇವೆ, ಪ್ರಸಾದವನ್ನು ಯಾರೂ ಎಣಿಸುವುದಿಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 1996ನೆಯ ಅಂಶದಲ್ಲಿ ಇದನ್ನೇ ತಿಳಿಸುತ್ತದೆ: ವರಪ್ರಸಾದವು ದೇವರು ಉಚಿತವಾಗಿ, ನಮ್ಮ ಯೋಗ್ಯತೆಯನ್ನು ನೋಡದೆ ಕೊಡುವ ಸಹಾಯ. ನಾವು ದೇವರ ಮಕ್ಕಳಾಗುವುದು ಆ ಸಹಾಯದಿಂದಲೇ. ಇದು ಹೊಸ ಬೋಧನೆಯೂ ಅಲ್ಲ. 1547ರಲ್ಲಿ ತ್ರೆಂತ್ ಮಹಾಸಭೆಯೂ ಇದನ್ನು ಸ್ಪಷ್ಟಪಡಿಸಿತ್ತು. ನಾವು ಕಲಿತೂ ಮರೆತಿದ್ದೇವೆ, ಅಷ್ಟೆ.

ಈ ಸತ್ಯವನ್ನು ಮೈಮೇಲಿನ ಗಾಯಗಳೊಂದಿಗೆ ಕಲಿತ ಒಬ್ಬ ಸಂತರಿದ್ದಾರೆ. ಅವರೇ ಸಂತ ಜೋಸೆಫೀನ್ ಬಖೀತಾ. ಸುಮಾರು 1869ರಲ್ಲಿ ಸೂಡಾನಿನ ದಾರ್ಫರ್ ಪ್ರಾಂತ್ಯದಲ್ಲಿ ಹುಟ್ಟಿದರು. ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಗುಲಾಮರ ವ್ಯಾಪಾರಿಗಳು ಅಪಹರಿಸಿದರು. ಆ ಭಯದಲ್ಲಿ ಮಗು ತನ್ನ ಹೆಸರನ್ನೇ ಮರೆಯಿತು. 'ಬಖೀತಾ' ಎಂಬುದು ಹಿಡಿದವರು ಇಟ್ಟ ಹೆಸರು. ಅರಬ್ಬಿಯಲ್ಲಿ ಅದಕ್ಕೆ 'ಅದೃಷ್ಟವಂತೆ' ಎಂದು ಅರ್ಥ. ಸಂತೆಯಲ್ಲಿ ದನ ಮಾರುವ ಹಾಗೆ ಅವರನ್ನು ಮತ್ತೆ ಮತ್ತೆ ಮಾರಿದರು. ಒಬ್ಬ ಸೇನಾಧಿಕಾರಿಯ ಮನೆಯಲ್ಲಿ ದಿನವೂ ಚಾಟಿಯೇಟು. ಮೈಯನ್ನು ಕುಯ್ದು, ಗಾಯಕ್ಕೆ ಉಪ್ಪು ಉಜ್ಜಿ ಹಾಕಿದ ನೂರಕ್ಕೂ ಹೆಚ್ಚು ಗುರುತುಗಳು ಜೀವನವಿಡೀ ಉಳಿದವು.

ಕೊನೆಗೆ ಖಾರ್ಟೂಮಿನಲ್ಲಿದ್ದ ಇಟಲಿಯ ಕಾನ್ಸುಲ್ ಕಾಲಿಸ್ತೊ ಲೆಗ್ನಾನಿಯವರು ಅವರನ್ನು ಕೊಂಡುಕೊಂಡರು. 1885ರಲ್ಲಿ ಬಖೀತಾ ಇಟಲಿಗೆ ಬಂದರು. ಅಲ್ಲಿ ಮಿಕೆಯೆಲಿ ಎಂಬವರ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ. ಆ ಮನೆತನದ ವ್ಯವಹಾರ ನೋಡುತ್ತಿದ್ದ ಕೆಕ್ಕೀನಿ ಎಂಬವರು ಒಂದು ಚಿಕ್ಕ ಬೆಳ್ಳಿಯ ಶಿಲುಬೆಯನ್ನು ಕೊಟ್ಟರು. ಅದು ಏನೆಂದು ತಿಳಿಯದಿದ್ದರೂ ಬಖೀತಾ ಅದನ್ನು ಯಾರಿಗೂ ಕಾಣದಂತೆ ಜೋಪಾನವಾಗಿ ಇಟ್ಟುಕೊಂಡರು. ಮುಂದೆ ಯಜಮಾನಿ ಸೂಡಾನಿಗೆ ಹೋಗಬೇಕಾದಾಗ ಮಗುವನ್ನೂ ಇವರನ್ನೂ ವೆನಿಸಿನ ಕನೋಸಾ ಭಗಿನಿಯರ ಬಳಿ ಬಿಟ್ಟರು. ಅಲ್ಲಿ ಬಖೀತಾ ದೇವರ ಬಗ್ಗೆ ಕಲಿತರು.

ಯಜಮಾನಿ ಹಿಂದಿರುಗಿ ಬಂದು ಕರೆದಾಗ ಬಖೀತಾ ಬರುವುದಿಲ್ಲವೆಂದರು. ವಿಷಯ ನ್ಯಾಯಾಲಯದವರೆಗೆ ಹೋಯಿತು. 1889ರ ನವೆಂಬರ್ 29ರಂದು ತೀರ್ಪು ಬಂತು. ಇಟಲಿಯ ಕಾನೂನಿನಲ್ಲಿ ಗುಲಾಮಗಿರಿ ಎಂಬುದೇ ಇಲ್ಲ, ಬಖೀತಾ ಕಾನೂನಿನ ಪ್ರಕಾರ ಯಾವತ್ತೂ ಗುಲಾಮಳಾಗಿರಲೇ ಇಲ್ಲ ಎಂಬುದು ಅದರ ಸಾರ. ಸ್ವಲ್ಪ ಯೋಚಿಸಿ. ಅಷ್ಟು ವರ್ಷ ಅವರನ್ನು ಕಟ್ಟಿಹಾಕಿದ್ದವರಿಗೆ ಆ ಹಕ್ಕೇ ಇರಲಿಲ್ಲ. ಅವರು ಸ್ವತಂತ್ರರೇ ಆಗಿದ್ದರು. ಆದರೆ ಯಾರೂ ಅವರಿಗೆ ಅದನ್ನು ತಿಳಿಸಿರಲಿಲ್ಲ.

1890ರ ಜನವರಿ 9ರಂದು ಬಖೀತಾ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರನ್ನೂ ಪಡೆದರು. 1896ರಲ್ಲಿ ಕನ್ಯಾಸ್ತ್ರೀಯಾಗಿ ವ್ರತ ಸ್ವೀಕರಿಸಿದರು. 1902ರಿಂದ ಸ್ಕೀಯೊ ಎಂಬ ಪಟ್ಟಣದ ಮಠದಲ್ಲಿ ಅಡುಗೆ, ಹೊಲಿಗೆ, ಬಾಗಿಲು ಕಾಯುವ ಕೆಲಸ ಮಾಡಿದರು. ಬಾಗಿಲಿಗೆ ಬಂದ ಮಕ್ಕಳ ತಲೆ ಸವರಿ ಪ್ರೀತಿಯಿಂದ ಮಾತಾಡುವುದೇ ಅವರ ಪ್ರಸಂಗವಾಗಿತ್ತು. ತನ್ನನ್ನು ಅಪಹರಿಸಿದವರು ಈಗ ಸಿಕ್ಕಿದರೆ ಅವರ ಕೈಗೆ ಮುತ್ತಿಡುತ್ತೇನೆ ಎನ್ನುತ್ತಿದ್ದರು. ಇಳಿವಯಸ್ಸಿನಲ್ಲಿ, ತಾನು ಎರಡು ಪೆಟ್ಟಿಗೆ ಹೊತ್ತು ಪರಲೋಕಕ್ಕೆ ಹೋಗುತ್ತಿದ್ದೇನೆ, ಒಂದರಲ್ಲಿ ತನ್ನ ಪಾಪಗಳು, ಇನ್ನೊಂದರಲ್ಲಿ ಯೇಸುವಿನ ಪುಣ್ಯಫಲ, ಆ ಎರಡನೆಯದೇ ಹೆಚ್ಚು ಭಾರ ಎಂಬ ಅರ್ಥದ ಮಾತು ಹೇಳುತ್ತಿದ್ದರಂತೆ. ಪಾಪದ ಪೆಟ್ಟಿಗೆಯನ್ನು ಅವರು ಬಚ್ಚಿಡಲಿಲ್ಲ ನೋಡಿ. ಆದರೆ ಅದನ್ನು ಒಂಟಿಯಾಗಿ ಹೊರಲಿಲ್ಲ.

ನೆನಪು ಮಾತ್ರ ಸುಲಭವಾಗಿ ಅಳಿಯುವುದಿಲ್ಲ. 1947ರ ಫೆಬ್ರವರಿ 8ರಂದು ತೀರಿಕೊಳ್ಳುವ ಮುನ್ನ, ಜ್ವರದ ಕನವರಿಕೆಯಲ್ಲಿ ಅವರು ಸಂಕೋಲೆ ಬಿಗಿಯಾಗಿದೆ, ಸ್ವಲ್ಪ ಸಡಿಲಿಸಿ ಎಂದು ದಾದಿಯನ್ನು ಬೇಡಿಕೊಂಡರು. ವರಪ್ರಸಾದ ಪಡೆದವರಿಗೂ ರಾತ್ರಿ ಹಳೆಯ ಸಂಕೋಲೆಯ ಕನಸು ಬೀಳಬಹುದು. ಅದರಿಂದ ಅವರ ಬಿಡುಗಡೆ ಸುಳ್ಳಾಗುವುದಿಲ್ಲ. 2000ದ ಅಕ್ಟೋಬರ್ 1ರಂದು ದ್ವಿತೀಯ ಜಾನ್ ಪೌಲರು ಅವರನ್ನು ಸಂತ ಪದವಿಗೇರಿಸಿದರು. 2007ರಲ್ಲಿ ಹದಿನಾರನೆಯ ಬೆನೆಡಿಕ್ಟರು ನಿರೀಕ್ಷೆಯ ಕುರಿತ ತಮ್ಮ ವಿಶ್ವಪತ್ರದ ಆರಂಭದಲ್ಲೇ ಬಖೀತಾರ ಕಥೆ ಹೇಳಿದರು. 2015ರಿಂದ ಫೆಬ್ರವರಿ 8ನ್ನು ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥಿಸುವ ದಿನವಾಗಿ ಧರ್ಮಸಭೆ ಆಚರಿಸುತ್ತಿದೆ.

"ಹಾಗಾದರೆ ತಪ್ಪು ಮಾಡಿದವರು ಏನನ್ನೂ ತೀರಿಸಬೇಕಿಲ್ಲವೇ? ಬಖೀತಾ ನಿರಪರಾಧಿ, ಆ ಹಿರಿಯರು ಹಾಗಲ್ಲವಲ್ಲ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶುಭಸಂದೇಶದ ಜಕ್ಕಾಯನನ್ನು ನೆನೆಯೋಣ. ಅವನು ವಂಚಿಸಿದವರಿಗೆ ನಾಲ್ಕು ಪಟ್ಟು ಹಿಂದಕ್ಕೆ ಕೊಡುತ್ತೇನೆಂದ. ಆದರೆ ಯಾವಾಗ? ಯೇಸುಸ್ವಾಮಿ ಮರದ ಕೆಳಗೆ ನಿಂತು, ಹೆಸರು ಹಿಡಿದು ಕರೆದು, ಅವನ ಮನೆಗೆ ಹೋದ ಮೇಲೆ. ಮೊದಲು ಸಾಲ ತೀರಿಸು, ಆಮೇಲೆ ಊಟಕ್ಕೆ ಬರುತ್ತೇನೆ ಎಂದು ಪ್ರಭು ಹೇಳಲಿಲ್ಲ. ಮೊದಲು ವರಪ್ರಸಾದ, ಆಮೇಲೆ ಪ್ರಾಯಶ್ಚಿತ್ತ. ನಾವು ಈ ಕ್ರಮವನ್ನು ತಲೆಕೆಳಗು ಮಾಡಿ ನಮ್ಮನ್ನೂ ಇತರರನ್ನೂ ಅಂಗಳದಲ್ಲೇ ನಿಲ್ಲಿಸುತ್ತೇವೆ. ಹೆದರಿ ತೀರಿಸುವವನು ಗುಲಾಮ. ಕ್ಷಮೆ ಪಡೆದು, ಸಂತೋಷದಿಂದ ತೀರಿಸುವವನು ಮಗ.

ನಮ್ಮ ಹಿರಿಯರ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಒಂದು ತಪಸ್ಸುಕಾಲದ ಶನಿವಾರ, ಹೊಸದಾಗಿ ಬಂದಿದ್ದ ಗುರುಗಳು ಮರದ ಬುಡಕ್ಕೇ ಹೋಗಿ ಅವರ ಪಕ್ಕದ ಕಲ್ಲಿನ ಮೇಲೆ ಕುಳಿತರು. ಬಹಳ ಹೊತ್ತು ಕುಳಿತರು. ಅಲ್ಲಿ ಏನು ಮಾತಾಯಿತೋ ದೇವರಿಗೆ ಗೊತ್ತು, ನಾವು ಕೇಳುವುದೂ ಸಲ್ಲ. ಮರುದಿನ ಅವರು ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಪರಮಪ್ರಸಾದದ ಸಾಲಿನಲ್ಲಿ ನಿಂತಾಗ ಅವರ ಕೈ ನಡುಗುತ್ತಿತ್ತು.

ಹೊರಗೆ ಬಂದವರು ನಮ್ಮೊಡನೆ ಒಂದೇ ಮಾತು ಹೇಳಿದರು: "ಅವರು ಲೆಕ್ಕ ಕೇಳಲೇ ಇಲ್ಲ ಮಗಾ."

ಆಮೇಲೆ ಅವರು ಅಡಿಕೆ ಮಾರಿದಾಗಲೆಲ್ಲ ಸ್ವಲ್ಪ ಹಣ ತೆಗೆದಿಟ್ಟು, ತಂಗಿಯ ಹೆಸರಿನಲ್ಲಿ ಬಡ ಹೆಣ್ಣುಮಕ್ಕಳ ಮದುವೆಗೆ ನೆರವಾಗತೊಡಗಿದರು. ಇದೂ ತೀರಿಸುವುದೇ. ಆದರೆ ಇದರಲ್ಲಿ ಅಳುಕಿರಲಿಲ್ಲ. ಈಗ ಪ್ರತಿ ಭಾನುವಾರ ಕೊನೆಯ ಬೆಂಚಿನಿಂದ ರಾಗ ತಪ್ಪಿದ ಒಂದು ದೊಡ್ಡ ದನಿ ಕೇಳುತ್ತದೆ. ಗಾಯನ ಮಂಡಳಿಯ ಮಕ್ಕಳು ನಗುತ್ತಾರೆ, ಅವರೂ ನಗುತ್ತಾರೆ. ಇಪ್ಪತ್ತು ವರ್ಷ ಬಾಯಿ ಬಿಡದಿದ್ದ ದನಿ ಅದು ಎಂದು ಗೊತ್ತಿರುವ ನಮಗೆ ಅದಕ್ಕಿಂತ ಇಂಪಾದ ಹಾಡು ಬೇರೆಯಿಲ್ಲ.

ಪ್ರಿಯರೇ, ಈ ತಿಂಗಳು ನಾವೆಲ್ಲ ಎರಡು ಕೆಲಸ ಮಾಡೋಣ. ಸರಿಯಾದ ಮೇಲೆ ಹೋಗುತ್ತೇನೆಂದು ಮುಂದೂಡಿದ ಪಾಪನಿವೇದನೆಗೆ, ಸರಿಯಾಗದೆಯೇ ಹೋಗೋಣ. ಮತ್ತೆ, ನಮ್ಮ ಕಿಸೆಯಲ್ಲಿ ಯಾರ ಲೆಕ್ಕದ ಪುಸ್ತಕವಿದೆ ಎಂದು ತಡವಿ ನೋಡೋಣ. ಅತ್ತಿಗೆಯದೋ, ಪಾಲಿನ ಜಗಳದಲ್ಲಿ ಮಾತು ಬಿಟ್ಟ ತಮ್ಮನದೋ, ಮನೆ ಬಿಟ್ಟು ಹೋದ ಮಗನದೋ? ಅದನ್ನು ಮುಚ್ಚಿ, ಮರದ ಬುಡದವರೆಗೆ ನಾವೇ ನಡೆದು ಹೋಗೋಣ.

ಪ್ರಭುವೇ, ನೀವು ಕೂಲಿ ಕೊಡುವ ಧಣಿಯಲ್ಲ, ನಮ್ಮ ತಂದೆ ಎಂಬುದನ್ನು ನಮಗೆ ತಿಳಿಸಿಕೊಡಿ. ಕೈಯೊಡ್ಡಿ ಪಡೆಯುವ ವಿನಯವನ್ನೂ, ಪಡೆದ ಮೇಲೆ ಹಾಡುವ ಸಂತೋಷವನ್ನೂ ನಮಗೆ ಕೊಡಿ. ಆಮೆನ್.