‘ಆದಿಮ’ ಎಂಬುದು ಯಾರ ತೀರ್ಮಾನ?

ಧಾರವಾಡದಿಂದ ಗೋವಾ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟವರಿಗೆ ಊರು ಮುಗಿಯುವ ಹೊತ್ತಿಗೆ ಕೆಲಗೇರಿ ಎದುರಾಗುತ್ತದೆ. ಇತ್ತ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ. ಅತ್ತ ಅದೇ ರಸ್ತೆ ಅಳ್ನಾವರದ ಕಡೆಯ ಕಾಡಿನ ಸೀಮೆಗೆ ಇಳಿಯುತ್ತದೆ. ಗುಡ್ಡದ ಮೇಲೆ ಗಣಿತವನ್ನೂ ಕಲಿಸುತ್ತಾರೆ, ಮಾನವಶಾಸ್ತ್ರವನ್ನೂ ಕಲಿಸುತ್ತಾರೆ. ಆ ವಿಶ್ವವಿದ್ಯಾಲಯವನ್ನು 1954ರಿಂದ 1967ರವರೆಗೆ ಕುಲಪತಿಯಾಗಿ ಕಟ್ಟಿ ಬೆಳೆಸಿದ ಡಿ.ಸಿ. ಪಾವಟೆಯವರು ಸ್ವತಃ ಕೇಂಬ್ರಿಜ್‌ನಲ್ಲಿ ಓದಿದ ಗಣಿತಜ್ಞರು. ಈ ಎರಡೂ ಶಾಸ್ತ್ರಗಳಲ್ಲಿ ‘ಆದಿಮ’ ಎಂಬ ಪರಿಭಾಷೆ ಇದೆ. ಅಕ್ಷರ ಒಂದೇ, ಅರ್ಥ ಮಾತ್ರ ತದ್ವಿರುದ್ಧ. ಇದು ಕೇವಲ ಪದಕೋಶದ ಕುತೂಹಲವಾಗಿದ್ದರೆ ಪತ್ರಿಕೆಯಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. ರಸ್ತೆಯ ಆ ತುದಿಯಲ್ಲಿರುವ ಮನುಷ್ಯರ ಹಕ್ಕುಗಳು ಈ ಒಂದು ಪದವನ್ನು ಆಧರಿಸಿ ನಿರ್ಧಾರವಾಗುತ್ತಿವೆ ಎಂಬುದೇ ಇಲ್ಲಿನ ಪ್ರಶ್ನೆ.

ಪ್ರೌಢಶಾಲೆಯ ರೇಖಾಗಣಿತ ನೆನಪಿರುವವರಿಗೆ ಇದು ತಿಳಿದ ಸಂಗತಿ. ಬಿಂದು, ರೇಖೆ, ಸಮತಲ ಇವುಗಳಿಗೆ ವ್ಯಾಖ್ಯೆ ಇಲ್ಲ. ಇವನ್ನು ಒಪ್ಪಿಕೊಂಡು ಉಳಿದುದನ್ನೆಲ್ಲ ಕಟ್ಟಬೇಕು. ವ್ಯಾಖ್ಯೆಗೆ ವ್ಯಾಖ್ಯೆ ಕೇಳುತ್ತ ಹೋದರೆ ಕೊನೆ ಇಲ್ಲವಾದ್ದರಿಂದ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ನಿಂತ ಜಾಗವೇ ಗಣಿತದ ಆದಿಮ. ಅದು ಕೀಳಲ್ಲ, ಹಿಂದುಳಿದದ್ದಲ್ಲ. ಕಟ್ಟಡದ ಭಾರವೆಲ್ಲ ಅದರ ಮೇಲೆಯೇ ಕುಳಿತಿರುತ್ತದೆ. ಪಂಪನನ್ನು ಆದಿಕವಿ ಎನ್ನುವಾಗ ಕನ್ನಡಿಗರು ‘ಆದಿ’ಗೆ ಕೊಡುವ ಗೌರವಕ್ಕೆ ಇದು ಹತ್ತಿರದ ಅರ್ಥ.

ಈ ಪದದ ಎರಡು ಮುಖಗಳೂ ಒಂದೇ ಮನೆಯಲ್ಲಿ ಬೆಳೆದ ವಿಚಿತ್ರ ಪ್ರಸಂಗವೊಂದು ದಕ್ಷಿಣ ಭಾರತದ ಚರಿತ್ರೆಯಲ್ಲಿದೆ. 1910ರಿಂದ 1913ರ ನಡುವೆ ಮೂರು ಸಂಪುಟಗಳಲ್ಲಿ ಹೊರಬಂದ ‘ಪ್ರಿನ್ಸಿಪಿಯ ಮ್ಯಾಥಮ್ಯಾಟಿಕ’ದ ಕರ್ತೃಗಳು ಬರ್ಟ್ರಂಡ್ ರಸೆಲ್ ಮತ್ತು ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್. ಇಡೀ ಗಣಿತವನ್ನು ಕೆಲವೇ ಆದಿಮ ಕಲ್ಪನೆಗಳಿಂದ, ಆದಿಮ ಪ್ರತಿಜ್ಞೆಗಳಿಂದ ಪಡೆಯಬಹುದೆಂದು ತೋರಿಸಲು ಹೊರಟ ಗ್ರಂಥ ಅದು. ಇದೇ ವೈಟ್‌ಹೆಡ್‌ರ ಅಣ್ಣ ಹೆನ್ರಿ ವೈಟ್‌ಹೆಡ್ 1899ರಿಂದ 1922ರವರೆಗೆ ಮದರಾಸಿನ ಬಿಷಪ್ ಆಗಿದ್ದವರು. 1916ರಲ್ಲಿ ಅವರು ದಕ್ಷಿಣ ಭಾರತದ ಗ್ರಾಮದೇವತೆಗಳ ಕುರಿತು ಪುಸ್ತಕ ಪ್ರಕಟಿಸಿದರು. ಕನ್ನಡ ಸೀಮೆಯ ದೇವತೆಗಳಿಗೂ ಅದರಲ್ಲಿ ಜಾಗವಿದೆ. ಶ್ರದ್ಧೆಯಿಂದ ಸಂಗ್ರಹಿಸಿದ ವಿವರಗಳು ಅಲ್ಲಿವೆ; ಇಂದಿಗೂ ಸಂಶೋಧಕರು ಅದರತ್ತ ಮರಳುತ್ತಾರೆ. ಆದರೆ ಹಳ್ಳಿಯ ಅಮ್ಮನ ಗುಡಿಯಲ್ಲಿ ಬಿಷಪ್ ಕಂಡದ್ದು ಧರ್ಮದ ಬಾಲ್ಯಾವಸ್ಥೆಯನ್ನು. ಮನುಕುಲ ದಾಟಿ ಬಂದ ಮೆಟ್ಟಿಲೊಂದು ಇಲ್ಲಿ ಮಾತ್ರ ಉಳಿದುಬಿಟ್ಟಿದೆ ಎಂಬಂತೆ. ತಮ್ಮನಿಗೆ ಆದಿಮವೆಂದರೆ ಅಡಿಪಾಯ, ಅಣ್ಣನಿಗೆ ಅವಶೇಷ.

ಬಿಷಪ್ಪರೊಬ್ಬರನ್ನೇ ದೂರುವುದು ನ್ಯಾಯವಲ್ಲ. 1871ರಲ್ಲಿ ಎಡ್ವರ್ಡ್ ಟೈಲರ್ ‘ಪ್ರಿಮಿಟಿವ್ ಕಲ್ಚರ್’ ಬರೆದಾಗಿನಿಂದ ಯುರೋಪಿನ ವಿದ್ವತ್ತು ಧರ್ಮಗಳನ್ನು ಏಣಿಯ ಮೇಲೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಂಡಿತ್ತು. 1912ರಲ್ಲಿ ಧಾರ್ಮಿಕ ಜೀವನದ ಮೂಲರೂಪಗಳನ್ನು ಕುರಿತು ಬರೆದ ಎಮಿಲ್ ಡರ್ಕ್‌ಹೈಮ್ ಆಸ್ಟ್ರೇಲಿಯದ ಬುಡಕಟ್ಟುಗಳನ್ನು ಆಧಾರವಾಗಿ ಇಟ್ಟುಕೊಂಡರು. ಆಸ್ಟ್ರೇಲಿಯಕ್ಕೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಮೂಲವನ್ನು ಹುಡುಕುವವರಿಗೆ ಮೂಲದವರ ಮನೆಗೆ ಹೋಗುವುದು ಅನಿವಾರ್ಯವೆನಿಸದಿದ್ದುದು ಆ ಕಾಲದ ಧೋರಣೆ.

ನಮ್ಮ ಭಾಗದ ದ್ಯಾಮವ್ವನ ಕಥೆಯನ್ನೇ ನೋಡಿ. ಮೇಲ್ಜಾತಿಯವನೆಂದು ನಂಬಿಸಿ ಬ್ರಾಹ್ಮಣ ಕನ್ಯೆಯನ್ನು ಮದುವೆಯಾದವನ ಕುಲ ಬಯಲಾಗುವುದು, ಆಕೆಯ ಕೋಪ, ಓಡಿ ಹೋಗಿ ಕೋಣದಲ್ಲಿ ಅಡಗಿದವನ ವಧೆ, ವರ್ಷಗಳ ಅಂತರದಲ್ಲಿ ನಡೆಯುವ ಜಾತ್ರೆ ಇವೆಲ್ಲ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಬಂದ ಸಂಗತಿಗಳು. ಈ ಕಥೆಯೊಳಗೆ ವರ್ಣವಿದೆ, ಅಸ್ಪೃಶ್ಯತೆಯಿದೆ, ಮದುವೆಯ ಕಟ್ಟಳೆಯಿದೆ, ಕಟ್ಟಳೆ ಮುರಿದರೆ ಯಾರ ರಕ್ತ ಹರಿಯಬೇಕು ಎಂಬ ಲೆಕ್ಕವೂ ಇದೆ. ಜಾತಿ ವ್ಯವಸ್ಥೆ ಗಟ್ಟಿಯಾಗಿ ನೆಲೆಯೂರಿದ ಸಮಾಜವಲ್ಲದೆ ಇಂಥ ಕಥೆಯನ್ನು ಬೇರಾರೂ ಹೇಳಲಾರರು. ಇದನ್ನು ಇತಿಹಾಸಪೂರ್ವದ ಪಳೆಯುಳಿಕೆ ಎನ್ನುವವರು ಕೋಣವನ್ನು ನೋಡಿದ್ದಾರೆ, ಕಥೆಯನ್ನು ಕೇಳಿಲ್ಲ. ಎಂ.ಎನ್. ಶ್ರೀನಿವಾಸರು ಕೊಡವರ ಧರ್ಮವನ್ನು ಕುರಿತ 1952ರ ಕೃತಿಯಲ್ಲಿ ಮೂಲದ ಬೇಟೆಯನ್ನು ಬಿಟ್ಟು, ಆಚರಣೆಯೊಂದು ಇಂದಿನ ಮನೆತನವನ್ನೂ ಊರನ್ನೂ ಹೇಗೆ ಹಿಡಿದಿಡುತ್ತದೆ ಎಂದು ಕೇಳಿದ್ದು ಈ ಕಾರಣಕ್ಕೇ ದೊಡ್ಡ ತಿರುವು.

ಗಣಿತಜ್ಞರ ಪ್ರಾಮಾಣಿಕತೆಯ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು. ರಸೆಲ್ ಮತ್ತು ವೈಟ್‌ಹೆಡ್ ತಮ್ಮ ತರ್ಕದ ತಳದಲ್ಲಿ ‘ಅಲ್ಲ’ ಮತ್ತು ‘ಅಥವಾ’ ಎಂಬ ಎರಡು ಕಲ್ಪನೆಗಳನ್ನು ಇಟ್ಟಿದ್ದರು. 1913ರಲ್ಲಿ ಅಮೆರಿಕದ ಹೆನ್ರಿ ಶೆಫರ್ ಎರಡೂ ಬೇಡ, ಬೇರೆಯದೇ ಆದ ಒಂದೇ ಸಂಯೋಜಕ ಸಾಕು ಎಂದು ತೋರಿಸಿದರು. 1925ರ ಎರಡನೆಯ ಆವೃತ್ತಿಯ ಪೀಠಿಕೆ ಅದನ್ನು ಸ್ವಾಗತಿಸಿತು. ಅಂದರೆ ಯಾವುದು ಆದಿಮ ಎಂಬುದು ವಸ್ತುವಿನ ಗುಣವಲ್ಲ. ಗ್ರಂಥ ಬರೆಯುವವನ ಆಯ್ಕೆ. ತಾನು ಎಲ್ಲಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ ಎಂದು ಗಣಿತಜ್ಞ ಮೊದಲ ಪುಟಗಳಲ್ಲೇ ಒಪ್ಪಿಕೊಳ್ಳುತ್ತಾನೆ, ಬೇರೊಬ್ಬ ಬಂದು ಬದಲಿಸಲು ಬಿಡುತ್ತಾನೆ. ಸರ್ಕಾರಿ ಕಡತ ಹಾಗಲ್ಲ. ತಾನು ಪ್ರಶ್ನೆ ನಿಲ್ಲಿಸಿದ ಜಾಗವನ್ನು ಅದು ಎದುರಿಗಿರುವ ಮನುಷ್ಯನ ಗುಣವೆಂದು ದಾಖಲಿಸುತ್ತದೆ.

ಪರಿಶಿಷ್ಟ ಪಂಗಡಗಳನ್ನು ಗುರುತಿಸಲು 1965ರ ಲೋಕೂರ್ ಸಮಿತಿ ಮುಂದಿಟ್ಟ ಐದು ಲಕ್ಷಣಗಳಲ್ಲಿ ಮೊದಲನೆಯದೇ ಆದಿಮ ಗುಣಗಳ ಕುರುಹು. ಪ್ರತ್ಯೇಕ ಸಂಸ್ಕೃತಿ, ಭೌಗೋಳಿಕ ಏಕಾಂತ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ ಉಳಿದವು. ಅರವತ್ತು ವರ್ಷಗಳ ನಂತರವೂ ಕೇಂದ್ರದ ಅಳತೆಗೋಲು ಇದೇ. ಇವರೊಳಗೂ ಅತ್ಯಂತ ಕೆಳಗಿರುವವರೆಂದು ಗುರುತಿಸಿದ, ದೇಶದಲ್ಲಿ ಇಂದು 75 ಇರುವ, ಗುಂಪುಗಳಿಗೆ ಇದ್ದ ‘ಆದಿಮ ಬುಡಕಟ್ಟು’ ಎಂಬ ಹೆಸರನ್ನು 2006ರಲ್ಲಿ ‘ವಿಶೇಷವಾಗಿ ದುರ್ಬಲ’ ಎಂದು ಬದಲಿಸಲಾಯಿತು. ಕರ್ನಾಟಕದಲ್ಲಿ ಜೇನುಕುರುಬರು ಮತ್ತು ಕೊರಗರು ಆ ಪಟ್ಟಿಯಲ್ಲಿದ್ದಾರೆ. ಹೆಸರು ಬದಲಾದದ್ದು ಸರಿಯೇ. ಆದರೆ ಕೊರಗರ ಸ್ಥಿತಿಯನ್ನು ಆದಿಮತೆ ಎಂದು ಕರೆದವರು ಅಜಲು ಪದ್ಧತಿಯನ್ನು ಏನೆಂದು ಕರೆಯುತ್ತಿದ್ದರು? ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಅನಿಷ್ಟವನ್ನು ಕಳೆದುಕೊಳ್ಳುತ್ತಿದ್ದವರು ಕೃಷಿ ಬಲ್ಲ, ಅಕ್ಷರ ಬಲ್ಲ, ದೇವಾಲಯ ಕಟ್ಟಬಲ್ಲ ಜನ. ಅದನ್ನು ನಿಷೇಧಿಸಲು 2000ದಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು.

ಕೆಲಗೇರಿಯ ಆಚೆಗಿನ ಕಾಡಿನ ಸೀಮೆಗೆ ಬಂದರೆ ವಿಚಾರ ಇನ್ನಷ್ಟು ಸಿಕ್ಕಾಗುತ್ತದೆ. ಅಲ್ಲಿನ ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಗೋವಾದಿಂದ ಗುಲಾಮಗಿರಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೊಂಕಣಿ, ಕನ್ನಡ ಎರಡೂ ಅವರ ನಾಲಿಗೆಯ ಮೇಲಿವೆ. ಸಾಗರ ದಾಟಿ ಬಂದ, ಜಾಗತಿಕ ವ್ಯಾಪಾರದ ಅತ್ಯಂತ ಕ್ರೂರ ಅಧ್ಯಾಯದ ಮೂಲಕ ಹಾದುಬಂದ ಸಮುದಾಯ ಇದು. ಇವರ ಏಕಾಂತ ಅನಾದಿಯದಲ್ಲ, ಬೆನ್ನಟ್ಟಿದವರಿಂದ ಬಂದದ್ದು. ಹೊರಗಿನವರನ್ನು ಕಂಡರೆ ಸಂಕೋಚ ಎಂದು ಬರೆದುಕೊಳ್ಳುವ ಅಧಿಕಾರಿ, ಹೊರಗಿನವರು ಇವರ ಪಾಲಿಗೆ ಶತಮಾನಗಳ ಕಾಲ ಯಾರಾಗಿದ್ದರು ಎಂದು ಕೇಳಬೇಕಲ್ಲವೆ?

2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು, ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾತ್ರ. ಯಲ್ಲಾಪುರದ ತಂಗಿಗೆ ಸಿಕ್ಕ ಪ್ರಮಾಣಪತ್ರ ಜಿಲ್ಲೆಯ ಗಡಿ ಈಚೆಗಿನ ಕಲಘಟಗಿಯ ಅಕ್ಕನಿಗೆ ಸಿಗುವಂತಿರಲಿಲ್ಲ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನು ಸೇರಿಸುವ ತಿದ್ದುಪಡಿ ಬಂದದ್ದು 2020ರಲ್ಲಿ. ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದೂ ಅದೇ ವರ್ಷ. ನಡುವಿನ ಹದಿನೇಳು ವರ್ಷಗಳಲ್ಲಿ ಒಂದು ತಲೆಮಾರು ಶಾಲೆ ಸೇರಿ, ಶಾಲೆ ಮುಗಿಸಿ ಅಥವಾ ಬಿಟ್ಟು, ಕೂಲಿಗೆ ಹೋಗಿತ್ತು. ರಕ್ತದಲ್ಲೇ ಇರುವ ಆದಿಮ ಗುಣವನ್ನು ನಂಬುವುದಾದರೆ ಜಿಲ್ಲೆಯ ಗಡಿಯಲ್ಲಿ ಅದು ನಿಂತುಹೋಗುವುದು ಹೇಗೆ ಎಂಬುದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ.

ಹಾಗಾದರೆ ಮಾನದಂಡವೇ ಬೇಡವೆ ಎಂಬ ಪ್ರಶ್ನೆ ಬರುತ್ತದೆ, ಬರಬೇಕಾದ್ದೇ. ಪಂಗಡದ ಪಟ್ಟಿಗೆ ಸೇರಬೇಕೆನ್ನುವ ಬೇಡಿಕೆಗಳು ಕಡಿಮೆಯಿಲ್ಲ. 2021ರ ಆರಂಭದಲ್ಲಿ ಕಾಗಿನೆಲೆಯಿಂದ ಬೆಂಗಳೂರಿಗೆ ಕುರುಬ ಸಮುದಾಯ ನಡೆಸಿದ ಪಾದಯಾತ್ರೆ ಎಲ್ಲರಿಗೂ ನೆನಪಿದೆ. ಪಾಲು ಸೀಮಿತ, ಬಾಗಿಲು ತೆರೆದಿಟ್ಟರೆ ಕಾಡಿನಲ್ಲಿರುವ ಸಣ್ಣ ಗುಂಪುಗಳೇ ಮೊದಲು ತುಳಿತಕ್ಕೆ ಸಿಕ್ಕುತ್ತವೆ. ಅಳತೆಗೋಲು ಬೇಕು. ಆದರೆ ಈಗಿನ ಅಳತೆಗೋಲಿನಲ್ಲಿ ಪ್ರತಿ ಸಮುದಾಯವೂ ಕುಲಶಾಸ್ತ್ರೀಯ ಅಧ್ಯಯನದ ಮುಂದೆ ತನ್ನ ಹಿಂದುಳಿದಿರುವಿಕೆಯನ್ನು ಅಭಿನಯಿಸಿ ತೋರಿಸಬೇಕಾಗಿದೆ. ಓದಿದ ಮಗ, ಪಟ್ಟಣದ ನೌಕರಿ ಇವೆಲ್ಲ ಅಲ್ಲಿ ಅಡ್ಡಿಗಳು. ಗುಡಿಯಲ್ಲಿ ಬಲಿ ನಿಂತಿದೆಯೆಂದರೆ ಅದೂ ಒಂದು ಕೊರತೆ. ಸಂವಿಧಾನ ಯಾವುದನ್ನು ನೀಗಿಸಲು ಮೀಸಲಾತಿ ಕೊಟ್ಟಿತೋ ಅದನ್ನೇ ಜೋಪಾನ ಮಾಡಿಕೊಂಡು ಬರಬೇಕೆಂದು ನಾವು ಕೇಳುತ್ತಿದ್ದೇವೆ.

ಬೇರೆ ದಾರಿ ನಮ್ಮ ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆ ಕಾಡಿನ ಜನರಿಗೆ ಆದ ಚಾರಿತ್ರಿಕ ಅನ್ಯಾಯವನ್ನು ಒಪ್ಪಿಕೊಳ್ಳುತ್ತದೆ. ಆ ಮಾತಿನಲ್ಲಿ ಮನುಷ್ಯರ ಸ್ವಭಾವದ ವರ್ಣನೆಯಿಲ್ಲ. ಅವರಿಗೆ ಏನಾಯಿತು ಎಂಬ ಪ್ರಶ್ನೆಯಿದೆ. ಭೂಮಿ ಯಾವಾಗ ಕೈತಪ್ಪಿತು, ನಾಗರಹೊಳೆಯಂಥ ಕಡೆ ಎಷ್ಟು ಹಾಡಿಗಳು ಎದ್ದುಹೋದವು, ಎಷ್ಟು ಮಕ್ಕಳು ಹತ್ತನೆಯ ತರಗತಿ ಮುಟ್ಟಿದರು, ಊರ ಬಾವಿಗೆ ಇಳಿಯಲು ಯಾರು ತಡೆದರು ಇವೆಲ್ಲ ಅಳೆಯಬಹುದಾದ, ದಾಖಲೆಯಿಂದ ಪರೀಕ್ಷಿಸಬಹುದಾದ ಸಂಗತಿಗಳು. ಲೋಕೂರ್ ಸಮಿತಿಯ ಮೊದಲ ಲಕ್ಷಣವನ್ನು ತೆಗೆದು ಆ ಜಾಗದಲ್ಲಿ ಇವನ್ನು ಇಡಲು ಕೇಂದ್ರವನ್ನು ಒತ್ತಾಯಿಸುವ ನಿರ್ಣಯವನ್ನು ನಮ್ಮ ವಿಧಾನಮಂಡಲ ಅಂಗೀಕರಿಸಬಹುದು. ಅಲ್ಲಿಯವರೆಗೆ, ರಾಜ್ಯವೇ ನಡೆಸುವ ಕುಲಶಾಸ್ತ್ರೀಯ ಅಧ್ಯಯನಗಳ ಪ್ರಶ್ನಾವಳಿಯನ್ನು ಬದಲಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ. ಆ ಪ್ರಶ್ನಾವಳಿ ಸಿದ್ಧಪಡಿಸುವ ಮೇಜಿನ ಮುಂದೆ ಸಿದ್ದಿ, ಕೊರಗ, ಜೇನುಕುರುಬ ಸಮುದಾಯಗಳ ಪದವೀಧರರಿಗೂ ಕುರ್ಚಿ ಹಾಕಬೇಕು.