ನಗುವ ಗೃಹಸ್ಥನ ಋಣ

ಮನೆಯ ಯಜಮಾನನು ನಕ್ಕರೆ ಮಕ್ಕಳಿಗೆ ಭಯವಿರುವುದಿಲ್ಲ, ಭಯವಿಲ್ಲದ ಮಕ್ಕಳಿಂದ ಮನೆ ಕೆಡುವುದು ಎಂಬುದು ನಮ್ಮ ಎಷ್ಟೋ ಕುಟುಂಬಗಳಲ್ಲಿ ಹಿರಿಯರು ನಂಬಿಕೊಂಡು ಬಂದಿರುವ ಮಾತು. ಗಾಂಭೀರ್ಯವೇ ಗೃಹಸ್ಥನ ಭೂಷಣವೆಂದೂ, ವಿನೋದಪ್ರಿಯನು ಹೊಣೆಯರಿಯದವನೆಂದೂ ಅನೇಕರ ಅಭಿಪ್ರಾಯ. ಕೈಬಿಚ್ಚಿ ಕೊಡುವವನ ವಿಷಯವನ್ನಂತೂ ಕೇಳುವುದೇ ಬೇಡ. ಆತನ ಹೆಂಡತಿ ಮಕ್ಕಳ ನಾಳಿನ ಗತಿಯೇನೆಂದು ನೆರೆಹೊರೆಯವರೇ ಮೊದಲು ಮರುಗುವರು. ಈ ಅಭಿಪ್ರಾಯವು ಸಂಪೂರ್ಣವಾಗಿ ಸುಳ್ಳೆಂದು ನಾವು ಹೇಳಲಾರೆವು. ಆದರೆ ವಿನೋದ, ಔದಾರ್ಯ, ಹೊಣೆಗಾರಿಕೆ ಈ ಮೂರೂ ಒಬ್ಬನಲ್ಲಿಯೇ ನೆಲಸಬಹುದೆಂಬುದಕ್ಕೆ ದೂರದೇಶದ ಗೃಹಸ್ಥನೊಬ್ಬನ ಬಾಳು ನಿದರ್ಶನವಾಗಿದೆ. ಅದನ್ನು ಈ ತಿಂಗಳು ವಾಚಕರೊಡನೆ ನೆನೆಯೋಣವೆಂದು ನಮ್ಮ ಮನಸ್ಸು.

ಅಮೆರಿಕದ ಹಾಸ್ಯಲೇಖಕನಾದ ಮಾರ್ಕ್ ಟ್ವೇನನ ಹೆಸರನ್ನು ಕೇಳದವರು ವಿರಳ. ಆತನ ನಿಜನಾಮಧೇಯವು ಸ್ಯಾಮ್ಯುಯಲ್ ಕ್ಲೆಮೆನ್ಸ್. 1835ನೆಯ ಇಸವಿಯಲ್ಲಿ ಮಿಸ್ಸೂರಿ ಪ್ರಾಂತದ ಚಿಕ್ಕ ಹಳ್ಳಿಯೊಂದರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ, ಮಿಸಿಸಿಪಿ ನದಿಯಲ್ಲಿ ಹಬೆಯ ಹಡಗನ್ನು ನಡೆಯಿಸಿ, ಕಡೆಗೆ ಬರೆಹಗಾರನಾದನು. 1870ರಲ್ಲಿ ಒಲಿವಿಯಾ ಎಂಬಾಕೆಯನ್ನು ವಿವಾಹವಾದನು. ಚೊಚ್ಚಲ ಗಂಡುಮಗುವು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಉಳಿದವರು ಸೂಸಿ, ಕ್ಲಾರಾ, ಜೀನ್ ಎಂಬ ಮೂವರು ಹೆಣ್ಣುಮಕ್ಕಳು.

1874ರಿಂದ 1891ರವರೆಗೆ ಈ ಸಂಸಾರವು ಹಾರ್ಟ್‌ಫರ್ಡ್ ಪಟ್ಟಣದಲ್ಲಿ ವಾಸವಾಗಿತ್ತು. ಆ ಮನೆಯ ಪುಸ್ತಕದ ಕೊಠಡಿಯಲ್ಲಿ, ಅಗ್ಗಿಷ್ಟಿಕೆಯ ಮೇಲಣ ಹಲಗೆಯ ಉದ್ದಕ್ಕೂ ಬಗೆಬಗೆಯ ಅಲಂಕಾರವಸ್ತುಗಳೂ ಚಿತ್ರಗಳೂ ಇದ್ದುವು. ಮಕ್ಕಳು ಕಥೆ ಬೇಡಿದಾಗ ಒಂದು ಕೊನೆಯಲ್ಲಿದ್ದ ಬೆಕ್ಕಿನ ಚಿತ್ರದಿಂದ ತೊಡಗಿ ಇನ್ನೊಂದು ಕೊನೆಯ ಹುಡುಗಿಯ ಚಿತ್ರದವರೆಗೆ ಎಲ್ಲ ವಸ್ತುಗಳೂ ಕಥೆಯೊಳಗೆ ಬರಬೇಕು. ಒಂದನ್ನೂ ಬಿಡಕೂಡದು, ಕ್ರಮ ತಪ್ಪಕೂಡದು. ಪ್ರತಿಸಲವೂ ಕಥೆ ಹೊಸದಾಗಿರಬೇಕು. ನಮ್ಮ ಅವಧಾನಿಗಳು ಸಭೆಯಲ್ಲಿ ಪಡುವ ಶ್ರಮವನ್ನು ಈ ತಂದೆಯು ಮನೆಯಲ್ಲಿ ನಗುನಗುತ್ತ ಪಡುತ್ತಿದ್ದನು. ಸಾಕಿದ ಬೆಕ್ಕುಗಳಿಗೆ ಮಕ್ಕಳ ನಾಲಿಗೆ ತಿರುಗದಂತಹ ಉದ್ದುದ್ದ ಹೆಸರುಗಳನ್ನು ಇಡುವುದೂ ಆತನ ವಿನೋದಗಳಲ್ಲೊಂದು.

ಸೂಸಿಯು ಹದಿಮೂರನೆಯ ವಯಸ್ಸಿನಲ್ಲಿ ತಂದೆಯ ಜೀವನಚರಿತ್ರೆಯನ್ನು ಬರೆಯತೊಡಗಿದಳು. ಆತನ ಸಿಟ್ಟಿನ ಸ್ವಭಾವವನ್ನೂ ಬಿಡದೆ ಬರೆದಳು. ಜನರು ತನ್ನ ತಂದೆಯನ್ನು ಬರಿಯ ಹಾಸ್ಯಗಾರನೆಂದೇ ಬಗೆದಿರುವರೆಂಬುದು ಆ ಹುಡುಗಿಯ ಕೊರಗು. ತಂದೆಯು ಅದರ ಅಕ್ಷರದೋಷಗಳನ್ನು ಕೂಡ ತಿದ್ದದೆ ಹಾಗೆಯೇ ಕಾಪಾಡಿದನು. ನಲವತ್ತು ವರ್ಷ ಮಕ್ಕಳ ಕಾಗುಣಿತವನ್ನು ತಿದ್ದಿದ ನಮಗೆ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಇನ್ನು ಔದಾರ್ಯ. 1885ರಲ್ಲಿ ಯೇಲ್ ವಿದ್ಯಾಲಯದಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತಿದ್ದ ವಾರ್ನರ್ ಮೆಗಿನ್ ಎಂಬ ನೀಗ್ರೋ ತರುಣನ ಖರ್ಚನ್ನು ಟ್ವೇನನು ವಹಿಸಿಕೊಂಡನು. ಬಿಳಿಯರು ಈ ಜನಾಂಗಕ್ಕೆ ಮಾಡಿದ ಅನ್ಯಾಯದ ಋಣವನ್ನು ತೀರಿಸುವುದು ತನ್ನ ಕರ್ತವ್ಯವೆಂದು ಬಗೆದನೇ ಹೊರತು ಅದನ್ನು ದಾನವೆನ್ನಲಿಲ್ಲ. ಆ ತರುಣನು ಬಾಲ್ಟಿಮೋರಿನಲ್ಲಿ ಹೆಸರಾಂತ ವಕೀಲನಾದನು. ಅದೇ ಕಾಲದಲ್ಲಿ ದಿವಾಳಿಯಾಗಿ ಗಂಟಲಿನ ಕ್ಯಾನ್ಸರಿನಿಂದ ನರಳುತ್ತಿದ್ದ ಮಾಜಿ ಅಧ್ಯಕ್ಷ ಗ್ರ್ಯಾಂಟನ ಆತ್ಮಕಥೆಯನ್ನು ಟ್ವೇನನ ಪ್ರಕಾಶನ ಸಂಸ್ಥೆಯು ಇತರರಿಗಿಂತ ಬಹಳ ಉದಾರವಾದ ಕರಾರಿನ ಮೇಲೆ ಪ್ರಕಟಿಸಿತು. ಗ್ರ್ಯಾಂಟನು ತೀರಿಕೊಂಡ ಮೇಲೆ ಆತನ ವಿಧವೆಗೆ ಮೊದಲ ಕಂತಿನಲ್ಲಿಯೇ 2,00,000 ಡಾಲರುಗಳು ಸಂದುವು.

ಇಷ್ಟು ಕೊಟ್ಟವನು ಕೆಟ್ಟನೆ? ಕೆಟ್ಟನು, ಆದರೆ ಕೊಟ್ಟು ಕೆಡಲಿಲ್ಲ. ಅಚ್ಚಿನ ಮೊಳೆಗಳನ್ನು ತಾನಾಗಿ ಜೋಡಿಸುವ ಯಂತ್ರವೊಂದರಿಂದ ಕುಬೇರನಾಗುವೆನೆಂಬ ಆಸೆಯಿಂದ ವರ್ಷಗಟ್ಟಲೆ ಹಣವನ್ನು ಸುರಿದನು. ಯಂತ್ರವು ಕೈಕೊಟ್ಟಿತು. 1894ರಲ್ಲಿ ಪ್ರಕಾಶನ ಸಂಸ್ಥೆಯೂ ದಿವಾಳಿಯಾಯಿತು. ಮನೆಗಳು ಕೈಬಿಚ್ಚುವುದರಿಂದ ಕೆಡುವುದಕ್ಕಿಂತ ಕೈಚಾಚುವುದರಿಂದ ಕೆಡುವುದೇ ಹೆಚ್ಚೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

ಸಾಲಗಾರರೊಡನೆ ರಾಜಿಮಾಡಿಕೊಂಡು, ರೂಪಾಯಿಗೆ ಕೆಲವೇ ಆಣೆಗಳಂತೆ ಎನ್ನುವ ಹಾಗೆ ಕೊಟ್ಟು ಕೈತೊಳೆದುಕೊಳ್ಳಲು ಮಾರ್ಗವಿತ್ತು. ಪೂರ್ತಿಯಾಗಿ ತೀರಿಸಲೇಬೇಕೆಂದು ಒಲಿವಿಯಾ ಹಟ ಹಿಡಿದಳು. ನಮ್ಮಂಥವರು ವಿಶ್ರಾಂತಿವೇತನವನ್ನು ಎಣಿಸುತ್ತ ಜಗುಲಿಯ ಮೇಲೆ ಕುಳಿತಿರುವ ಅರವತ್ತರ ವಯಸ್ಸಿನಲ್ಲಿ, 1895ರ ಜುಲೈ ತಿಂಗಳಲ್ಲಿ, ಟ್ವೇನನು ಹೆಂಡತಿಯನ್ನೂ ಕ್ಲಾರಾಳನ್ನೂ ಕರೆದುಕೊಂಡು ಭೂಪ್ರದಕ್ಷಿಣೆಗೆ ಹೊರಟನು. ಊರಿಂದೂರಿಗೆ ಹೋಗಿ ಜನರನ್ನು ನಗಿಸಿ ಉಪನ್ಯಾಸದ ಹಣವನ್ನು ಕೂಡಿಸಿದನು. 1896ರ ಜನವರಿಯಲ್ಲಿ ಮುಂಬಯಿಯಲ್ಲಿಳಿದು, ಕೆಮ್ಮಿನಿಂದ ಹಾಸಿಗೆ ಹಿಡಿದು, ಎದ್ದು, ಪ್ರಯಾಗ, ಕಾಶಿ, ಕಲ್ಕತ್ತೆಗಳನ್ನು ಕಂಡನು.

ಪ್ರವಾಸವು ಮುಗಿದು ಇಂಗ್ಲೆಂಡಿನಲ್ಲಿದ್ದಾಗ, ಅಮೆರಿಕದಲ್ಲಿ ಬಿಟ್ಟುಬಂದಿದ್ದ ಸೂಸಿಗೆ ಕಾಯಿಲೆಯೆಂದು ತಿಳಿಯಿತು. ತಾಯಿಯೂ ತಂಗಿಯೂ ಹಡಗನ್ನೇರಿದರು. ಅವರಿನ್ನೂ ಸಮುದ್ರದ ಮೇಲಿರುವಾಗಲೇ, ಆಗಸ್ಟ್ 18ರಂದು, ಸೂಸಿಯು ಆ ಹಾರ್ಟ್‌ಫರ್ಡಿನ ಮನೆಯಲ್ಲಿಯೇ ತೀರಿಕೊಂಡಳು. ಆಕೆಗೆ ಆಗ ಇಪ್ಪತ್ತನಾಲ್ಕು ವರ್ಷ. ಒಬ್ಬನೇ ಉಳಿದಿದ್ದ ತಂದೆಗೆ ತಂತಿಯು ತಲಪಿತು. ಆ ಸಂಸಾರವು ಮತ್ತೆ ಆ ಮನೆಯಲ್ಲಿ ವಾಸಮಾಡಲಿಲ್ಲ. ಆದರೂ ಟ್ವೇನನು ಲೇಖನಿಯನ್ನು ಕೆಳಗಿಡದೆ 1897ರಲ್ಲಿ ಪ್ರವಾಸಗ್ರಂಥವನ್ನು ಪ್ರಕಟಿಸಿದನು. 1898ರಲ್ಲಿ ಸಾಲವೆಲ್ಲವೂ ತೀರಿತು. ಒಲಿವಿಯಾ 1904ರಲ್ಲಿಯೂ, ಜೀನ್ 1909ರ ಕ್ರಿಸ್‌ಮಸ್ಸಿನ ಹಿಂದಿನ ದಿನವೂ ಗತಿಸಿದರು. 1910ರ ಏಪ್ರಿಲ್ 21ರಂದು ಟ್ವೇನನೂ ಕಣ್ಮುಚ್ಚಿದನು.

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಹುಟ್ಟುವನೆಂದು ನಮ್ಮ ಶಾಸ್ತ್ರಗಳು ಹೇಳುತ್ತವೆ. ಮಕ್ಕಳೊಡನೆ ಕುಳಿತು ನಗುವುದೂ ಗೃಹಸ್ಥನಿಗೆ ಒಂದು ಋಣವೇ ಎಂದು ನಮಗೆ ತೋರುತ್ತದೆ. ಹಣದ ಸಾಲವನ್ನು ವಾಯಿದೆ ಪಡೆದು ಮುಂದೆ ತೀರಿಸಬಹುದು. ಈ ಸಾಲಕ್ಕೆ ವಾಯಿದೆಯಿಲ್ಲ. ಕೆಲಸವೆಲ್ಲ ಮುಗಿದ ಮೇಲೆ, ಸಾಲ ತೀರಿದ ಮೇಲೆ, ಮಗಳ ಮದುವೆಯಾದ ಮೇಲೆ ನಗೋಣವೆಂದು ಮುಂದಕ್ಕೆ ಹಾಕುವ ಯಜಮಾನರು ನಮ್ಮಲ್ಲಿ ಬಹುಮಂದಿ. ಟ್ವೇನನು ಹಾಗೆ ಮಾಡಿದ್ದರೆ ಸೂಸಿಯ ಪಾಲಿಗೆ ಏನೂ ದೊರೆಯುತ್ತಿರಲಿಲ್ಲ. ಪುಸ್ತಕದ ಕೊಠಡಿಯ ಆ ಸಂಜೆಗಳಲ್ಲಿ ಆತನು ಆಕೆಗೆ ಸಲ್ಲಬೇಕಾದುದನ್ನು ಮೊದಲೇ ಸಲ್ಲಿಸಿದ್ದನು. ಈ ಹೊತ್ತು ದೀಪ ಹಚ್ಚಿದ ಮೇಲೆ ಮಕ್ಕಳು ಕಥೆ ಹೇಳೆಂದು ಬಂದರೆ, ಲೆಕ್ಕದ ಪುಸ್ತಕವನ್ನು ಅರ್ಧ ಗಳಿಗೆ ಮುಚ್ಚಿಡಿರೆಂದು ವಾಚಕಮಹಾಶಯರಲ್ಲಿ ನಮ್ಮ ವಿಜ್ಞಾಪನೆ.